ಒಂಬತ್ತನೇ ಚಿಪ್

ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನನ್ನು ಹಾಕಿದ್ದು ನಾಲ್ಕು ಪ್ರೊಸೆಸರ್, ಮೆಮೊರಿ ಸ್ಟಿಕ್ ಸಿಕ್ಕಿಸುವ 64 ಸ್ಲಾಟ್ ಇದ್ದ ದೈತ್ಯ ಸರ್ವರಿನ ಟೆಸ್ಟಿಂಗಿಗೆ. ಜೊತೆಗೆ ಸೇರಿದವರೆಲ್ಲ ಹೆಚ್ಚು ಮಾರಾಟವಾಗುವ ಸಣ್ಣ ಸರ್ವರ್‌ಗಳ ಮೇಲಿದ್ದರು. ಒಂದು ದಿನ ತಡೆಯಲಾರದೆ ಸೀನಿಯರನ್ನು ಕೇಳಿಯೇ ಬಿಟ್ಟೆ: "ಸರ್, ಇದನ್ನ ಕೊಳ್ಳೋರು ಬೆರಳೆಣಿಕೆ ಜನ. ಇಷ್ಟು ದುಡ್ಡು ಯಾಕೆ ಸುರೀತಾರೆ?"

ಅವರು ಎರಡು ಮೆಮೊರಿ ಸ್ಟಿಕ್ ಕೈಗಿಟ್ಟು, "ಚಿಪ್ ಎಣಿಸಮ್ಮ" ಅಂದರು. ಮನೆ ಕಂಪ್ಯೂಟರಿನದರಲ್ಲಿ ಎಂಟು, ಸರ್ವರಿನದರಲ್ಲಿ ಒಂಬತ್ತು. 64 ಬಿಟ್ (ಸೊನ್ನೆ ಅಥವಾ ಒಂದು) ಡೇಟಾ, ಅದರಲ್ಲಿ ಒಂದು ಬಿಟ್ ಕೆಟ್ಟರೆ ಹಿಡಿದು ತಿದ್ದಲು ಇನ್ನೂ 8 ಬಿಟ್. ಒಂಬತ್ತನೇ ಚಿಪ್ ಅದಕ್ಕೇ.

ಇದೇ 64ಕ್ಕೆ 8ರ ಲೆಕ್ಕ 1961ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಅಣ್ವಸ್ತ್ರ ಪ್ರಯೋಗಾಲಯಕ್ಕೆ ಹೋದ ಐಬಿಎಂನ 'ಸ್ಟ್ರೆಚ್' ಯಂತ್ರದಲ್ಲೇ ಇತ್ತು. ಐಬಿಎಂನದೇ ಹಿಂದಿನ 704 ಯಂತ್ರಕ್ಕಿಂತ ನೂರು ಪಟ್ಟು ವೇಗ ಅಂತ ಹೊರಟದ್ದು ಗುರಿ ಮುಟ್ಟಲಿಲ್ಲ. 1 ಕೋಟಿ 35 ಲಕ್ಷ ಡಾಲರಿದ್ದ ಬೆಲೆಯನ್ನು 77.8 ಲಕ್ಷಕ್ಕೆ ಇಳಿಸಬೇಕಾಯಿತು. ಆದರೆ 'ಬೈಟ್' ಅನ್ನುವ ಪದ ಹುಟ್ಟಿದ್ದೇ ಆ ಯೋಜನೆಯಲ್ಲಿ. ಎಂಟು ಬಿಟ್ಟಿನ ಬೈಟು, ಒಂದು ಪ್ರೋಗ್ರಾಂ ಇನ್ನೊಂದರ ಮೆಮೊರಿ ಮುಟ್ಟದಂತೆ ಕಾಯುವ ವ್ಯವಸ್ಥೆ, ಎಲ್ಲ 1964ರ ಸಿಸ್ಟಂ/360 ಕಂಪ್ಯೂಟರುಗಳಿಗೆ ಬಂದವು. ಐಬಿಎಂಗೆ ದಶಕಗಟ್ಟಲೆ ಅನ್ನ ಹಾಕಿದ್ದು ಆ ಸಿಸ್ಟಂ.

ಆದರೂ ದೊಡ್ಡ ಯಂತ್ರದಲ್ಲಿ ಕಲಿತದ್ದು ಸಣ್ಣದಕ್ಕೂ ಇಳಿಯುತ್ತದೆ ಅಂತ ನನಗೆ ಮನದಟ್ಟಾಗಿದ್ದು ತಪ್ಪುಗಳನ್ನು ದಾಖಲಿಸುವ ನಮ್ಮ ಲ್ಯಾಬಿನ ಲಾಗ್ ಫೈಲಿನಿಂದ. ರಾತ್ರಿಯಿಡೀ ಟೆಸ್ಟ್ ಓಡಿಸಿ ಬೆಳಿಗ್ಗೆ ನೋಡಿದರೆ, ತಿದ್ದಿದ ತಪ್ಪುಗಳ ಸಂಖ್ಯೆ ಹಿಂದಿನ ಸಾಲಿನ ಕೆಲವು ಸ್ಲಾಟ್‌ಗಳಲ್ಲಿ ಮಾತ್ರ ಏರುತ್ತಿತ್ತು. ಸ್ಟಿಕ್ ಬದಲಿಸಿದೆ, ತಪ್ಪು ಅದೇ ಸ್ಲಾಟಿನಲ್ಲೇ ಉಳಿಯಿತು. ಮೂರು ವಾರ ಒದ್ದಾಡಿದ ಮೇಲೆ ಸಿಕ್ಕಿತು: ಪ್ರೊಸೆಸರ್ ದಾಟಿ ಬರುವ ಬಿಸಿಗಾಳಿ ನೇರ ಆ ಸಾಲಿನ ಮೇಲೆ ಹೋಗುತ್ತಿತ್ತು. ಗಾಳಿಯ ದಾರಿ ಬದಲಿಸಿದೆವು, ತಪ್ಪುಗಳ ಸಂಖ್ಯೆ ಇಳಿಯಿತು.

ಸಣ್ಣ ಸರ್ವರಿನಲ್ಲೂ ಅದೇ ದೋಷವಿತ್ತು! ಸ್ಲಾಟ್ ಕಡಿಮೆ, ಹಾಗಾಗಿ ಎಲ್ಲೋ ತಿಂಗಳಿಗೊಮ್ಮೆ ತಪ್ಪು ಬಂದರೂ ಯಾರೂ ಅದರ ಬೆನ್ನು ಹತ್ತಿರಲಿಲ್ಲ. ದೊಡ್ಡ ಮಷೀನಿನಲ್ಲಿ ಅದು ದಿನಾ ಕಣ್ಣಿಗೆ ರಾಚಿತು. ಮುಂದಿನ ವರ್ಷ ನಾವು ತಿದ್ದಿದ ಗಾಳಿಯ ದಾರಿಯೇ ಸಣ್ಣ ಸರ್ವರಿಗೂ ಬಂತು. ಅದನ್ನು ಕೊಂಡವರಿಗೆ ಗೊತ್ತಿಲ್ಲ, ನನಗೆ ಮಾತ್ರ ಗಾಳಿಗೆ ದಾರಿ ತೋರಿಸುವ ಆ ಪ್ಲಾಸ್ಟಿಕ್ ಹೊದಿಕೆ ಕಂಡರೆ ಇವತ್ತಿಗೂ ಖುಷಿ.

ಈಗ ಡಿಡಿಆರ್5 ಅನ್ನುವ ಹೊಸ ಪೀಳಿಗೆಯ ಮೆಮೊರಿ ಬಂದ ಮೇಲೆ ಸಾಮಾನ್ಯ ಲ್ಯಾಪ್‌ಟಾಪಿನ ಮೆಮೊರಿ ಚಿಪ್ಪೂ ತನ್ನೊಳಗಿನ ಒಂದು ಬಿಟ್ಟಿನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ಕೆಟ್ಟರೆ ತಿದ್ದುವ ಕೆಲಸ ಇನ್ನೂ ಹೆಚ್ಚಾಗಿ ಸರ್ವರ್‌ಗಳ ಪಾಲಿಗೇ ಇದೆ.