ಊರಿನ ಹೆಸರಿನ ಆಟ: ಮೂರು ವಾರ ಕಳೆಯಿತು, ಇನ್ನೂ ಅಕ್ಷರದಲ್ಲೇ ಇದ್ದೇನೆ

ಭೂಪಟದಲ್ಲಿ ಚುಕ್ಕಿ ತೋರಿಸಿ, ಊರಿನ ಹೆಸರು ಟೈಪ್ ಮಾಡಿಸುವ ಸಣ್ಣ ಆಟ ಬರೆಯುತ್ತಿದ್ದೇನೆ. ಹೆಸರನ್ನು ಆಯಾ ಊರಿನವರು ಬರೆಯುವ ಹಾಗೇ ತೋರಿಸಬೇಕು ಅನ್ನುವುದು ನನ್ನ ಹಟ. ಮೂರು ವಾರ ತಿಂದಿದ್ದೂ ಅದೇ.

ಮೊದಲ ವಾರ

ಬೊಗೊಟಾದ ಕೊನೆಯಲ್ಲಿ ಎ ಇದೆ, ಅದರ ಮೇಲೊಂದು ಓರೆ ಗೀಟು. ಪರದೆ ಮೇಲೆ ಬಂದಿದ್ದೇ ಬೇರೆ: ಅಲೆಗೀಟು ಹೊತ್ತ ದೊಡ್ಡ ಎ, ಪಕ್ಕದಲ್ಲಿ ತಲೆಕೆಳಗಾದ ಆಶ್ಚರ್ಯಸೂಚಕ. ಕಾರಣ ಸಿಂಪಲ್. ಅಕ್ಷರಗಳಿಗೆ ಸಂಖ್ಯೆ ಕೊಡುವ ಹಳೇ ಪದ್ಧತಿ ಆಸ್ಕಿಯಲ್ಲಿ ಇರುವುದೇ 128 ಜಾಗ, ಗೀಟಿನ ಅಕ್ಷರಗಳಿಗೆ ಅಲ್ಲಿ ಎಡೆಯಿಲ್ಲ. ಇನ್ನೊಂದು ಪದ್ಧತಿ ಲ್ಯಾಟಿನ್-1ರಲ್ಲಿ ಈ ಅಕ್ಷರ ಒಂದೇ ಬೈಟ್ (ಫೈಲಿನಲ್ಲಿ ಕೂರುವ ಒಂದು ಸಂಖ್ಯೆ), 225. ಈಗ ಎಲ್ಲೆಡೆ ಬಳಸುವ ಯುಟಿಎಫ್-8ರಲ್ಲಿ ಎರಡು: 195, 161. ಫೈಲ್ ಇದ್ದದ್ದು ಯುಟಿಎಫ್-8ರಲ್ಲಿ, ನನ್ನ ಪ್ರೋಗ್ರಾಂ ಓದಿದ್ದು ಲ್ಯಾಟಿನ್-1 ಅಂತ. ಹಾಗಾಗಿ ಎರಡು ಬೈಟ್, ಎರಡು ಅಕ್ಷರ. ಒಂದು ಸಾಲು ತಿದ್ದಿದೆ, ಸರಿಹೋಯಿತು.

ಎರಡನೇ ವಾರ

ಜ್ಯೂರಿಕ್ ಅಂತ ಸರಿಯಾಗಿ, ಯು ಮೇಲೆ ಎರಡು ಚುಕ್ಕಿ ಇಟ್ಟೇ ಟೈಪ್ ಮಾಡಿದೆ. ಆಟ ‘ತಪ್ಪು’ ಅಂದಿತು. ಮತ್ತೆ ಮಾಡಿದೆ, ಮತ್ತೆ ತಪ್ಪು. ಕೊನೆಗೆ ಎರಡೂ ಕಡೆಯ ಸಂಖ್ಯೆ ಪ್ರಿಂಟ್ ಮಾಡಿ ನೋಡಿದೆ. ನಾನು ಒತ್ತಿದ್ದು 252, ಒಂದೇ ಸಂಕೇತ. ಪಟ್ಟಿಯಲ್ಲಿ ಇದ್ದದ್ದು 117, ಆಮೇಲೆ 776. ಅಂದರೆ ಬರೀ ಯು, ಅದರ ಹಿಂದೆ ‘ಮೇಲೆ ಎರಡು ಚುಕ್ಕಿ ಇಡು’ ಅನ್ನುವ ಇನ್ನೊಂದು ಸಂಕೇತ. ಪಟ್ಟಿಯ ಅರ್ಧ ಹೆಸರನ್ನು ಹಳೇ ಫೈಲ್‌ಗಳಿಂದ ಎತ್ತಿದ್ದೆ, ಅಲ್ಲಿಂದಲೇ ಬಂದಿರಬೇಕು. ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಓತ್ವವೂ ಹೀಗೇ ಅಲ್ವಾ? ಒಂದೇ ಸಂಕೇತವಾಗಿ ಇಡಬಹುದು, ಒತ್ವಕ್ಕೆ ದೀರ್ಘದ ಗುರುತು ಸೇರಿಸಿಯೂ ಇಡಬಹುದು. ಹೋಲಿಸುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ನಾನು ಆಟ ಬರೆಯುತ್ತಿರುವ ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಲ್ಲಿ ಅದಕ್ಕೆ ನಾರ್ಮಲೈಸ್ ಅನ್ನುವ ಫಂಕ್ಷನ್ ಇದೆ.

ಆಮೇಲೆ ಔದಾರ್ಯ ತೋರಿಸಲು ಹೋದೆ. ಎಲ್ಲರ ಕೀಬೋರ್ಡಿನಲ್ಲೂ ಗೀಟು, ಚುಕ್ಕಿ ಸಿಗುವುದಿಲ್ಲ, ಅವಿಲ್ಲದೆ ಬರೆದರೂ ಒಪ್ಪೋಣ ಅಂತ. ಉಪಾಯ: ಅಕ್ಷರವನ್ನು ಬಿಡಿಸಿ, ಗುರುತನ್ನು ಎಸೆಯುವುದು. ಪೋಲೆಂಡಿನ ವುಚ್ ಬಂದಾಗ ಸಿಕ್ಕಿಬಿದ್ದೆ. ನಾಲ್ಕೇ ಅಕ್ಷರ, ಮೂರಕ್ಕೆ ಅಲಂಕಾರ. ಓ ಮತ್ತು ಜೆಡ್ ಬೆತ್ತಲಾದವು, ಅಡ್ಡಗೀಟಿನ ಎಲ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಎಲ್ಲ ಲಿಪಿಗಳ ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಅದು ‘ಎಲ್ ಮತ್ತು ಗೀಟು’ ಅಲ್ಲ, 321ನೇ ಅಕ್ಷರ, ಅಷ್ಟೇ. ನಾರ್ವೆಯ ಟ್ರೋಮ್ಸೊದಲ್ಲಿರುವ ಗೀಟಿನ ಓ ಕೂಡ ಅದೇ ಜಾತಿ. ಇಂಥವಕ್ಕೆ ಕೈಯಾರೆ ಒಂದು ಪಟ್ಟಿ ಮಾಡಿಕೊಂಡೆ.

ಇಸ್ತಾಂಬುಲ್ ಇನ್ನೂ ಮಜಾ. ಟರ್ಕಿಶ್‌ನಲ್ಲಿ ಚುಕ್ಕಿ ಇರುವ ಐ, ಇಲ್ಲದ ಐ ಬೇರೆ ಬೇರೆ ಅಕ್ಷರಗಳು. ದೊಡ್ಡಕ್ಷರ ಮಾಡಿದರೂ ಚುಕ್ಕಿ ಹೋಗುವುದಿಲ್ಲ. ಪೈಥಾನ್ ಅದನ್ನು ಸಣ್ಣಕ್ಷರ ಮಾಡಿದಾಗ ಒಂದು ಸಂಕೇತ ಎರಡಾಯಿತು: ಮಾಮೂಲಿ ಐ, ಮೇಲೊಂದು ಬಿಡಿ ಚುಕ್ಕಿ. 8 ಅಕ್ಷರದ ಊರಿಗೆ ನನ್ನ ಆಟ ಅಕ್ಷರ ತುಂಬಲು 9 ಮನೆ ಬರೆದು ಕೂತಿತ್ತು.

ಮೂರನೇ ವಾರ

ಸಂಕೇತ ಸರಿ ಇದ್ದರೆ ಸಾಲದು, ಫಾಂಟ್‌ನಲ್ಲಿ ಚಿತ್ರವೂ ಇರಬೇಕು. ಇಲ್ಲದಿದ್ದರೆ ಖಾಲಿ ಡಬ್ಬಿ. ಅದಕ್ಕೆ ಟೋಫು ಅಂತ ಅಡ್ಡಹೆಸರು, ನೋಟೋ ಫಾಂಟ್‌ಗಳ ಹೆಸರು ಹುಟ್ಟಿದ್ದೂ ‘ನೋ ಟೋಫು’ ಅನ್ನುವುದರಿಂದ. ನನ್ನದು ಹಳೇ ಕಾಲದ 8×8 ಪಿಕ್ಸೆಲ್ ಫಾಂಟ್, ಬೇಕಾದ ಅಕ್ಷರ ನಾನೇ ಬರೆಯಬೇಕು. ನಾರ್ವೆಯ ಓಲೆಸುಂಡ್‌ಗೆ ದೊಡ್ಡ ಎ, ತಲೆ ಮೇಲೆ ಬಳೆ. ಎ ಅಕ್ಷರವೇ 7 ಸಾಲು ನುಂಗಿದೆ, ಉಳಿದಿದ್ದು 1. ಬಳೆ ಬಳೆಯ ಹಾಗೆ ಕಾಣಬೇಕಾದರೆ 3 ಸಾಲಾದರೂ ಬೇಕು. ಎ ಅನ್ನು 6ಕ್ಕೆ ಇಳಿಸಿದೆ. ಬಳೆಯ ಕೆಳಗಂಚನ್ನೇ ಎ ಅಕ್ಷರದ ತುದಿ ಮಾಡಿದೆ. ಹತ್ತಿರದಿಂದ ನೋಡಿದರೆ ಬೀಗದ ಹಾಗಿದೆ, ದೂರಕ್ಕೆ ಪರವಾಗಿಲ್ಲ.

ಬಾಕಿ: ಪಟ್ಟಿಯ ಕ್ರಮ. ಎರಡು ಚುಕ್ಕಿಯ ಓ ಸ್ವೀಡನ್ನಿನವರಿಗೆ ಜೆಡ್ ಆದಮೇಲೆ ಬರುವ ಕಟ್ಟಕಡೆಯ ಅಕ್ಷರ, ಜರ್ಮನ್ ನಿಘಂಟಿನಲ್ಲಿ ಓ ಜೊತೆಗೇ ಕೂರುತ್ತದೆ. ಸದ್ಯಕ್ಕೆ ಊರುಗಳನ್ನು ದೇಶವಾರು ಮಾಡಿ ತಪ್ಪಿಸಿಕೊಂಡಿದ್ದೇನೆ.