ಪಾವತಿಯ ಹಾಳೆಯಲ್ಲಿ ದಾರಿಗೆ ಕಾಲಂ ಇರಲಿಲ್ಲ

ಬೆಂಗಳೂರಿನ ಒಂದು ಈವೆಂಟ್ ಸಂಸ್ಥೆಯಲ್ಲಿ ಕಲಾವಿದರ ಕರಾರು ಮತ್ತು ಪಾವತಿಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಾಲ್‌ಗಳಲ್ಲಿ, ಕಂಪನಿಗಳ ಸಮಾರಂಭಗಳಲ್ಲಿ ಗೊಂಬೆಯ ವೇಷ ತೊಟ್ಟು ಮಕ್ಕಳ ಕೈ ಕುಲುಕುವವರೇ ನನ್ನ ಪಟ್ಟಿಯಲ್ಲಿ ಹೆಚ್ಚು. ಕೆಲವು ವರ್ಷಗಳ ಹಿಂದೆ, ನಮ್ಮ ಕರಡಿಯ ವೇಷ ಹಾಕುತ್ತಿದ್ದ ಹುಡುಗನೊಬ್ಬ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳಲ್ಲಿ ಮೂರು ಪ್ರದರ್ಶನ ಮುಗಿಸಿ ಬಂದು, ವೋಚರಿಗೆ ಸಹಿ ಹಾಕುವ ಮೊದಲು, "ಸರ್, ವೇಷದೊಳಗೆ ಇದ್ದದ್ದು 6 ಗಂಟೆ, ಬಸ್ಸಿನಲ್ಲಿ ಇದ್ದದ್ದು 30 ಗಂಟೆ. ಆ 30 ಗಂಟೆ ನಾನು ಯಾರ ಕೆಲಸದಲ್ಲಿದ್ದೆ?" ಎಂದು ಕೇಳಿದ. ದಿನಾಂಕ, ಸ್ಥಳ, ಗಂಟೆ, ದರ, ಟಿಡಿಎಸ್ ಎಂಬ ಐದು ಕಾಲಂಗಳ ಆ ಹಾಳೆಯನ್ನು ರೂಪಿಸಿದವನು ನಾನೇ. ಕರಾರಿನ ಎರಡನೆಯ ಅಂಶವನ್ನು ತೋರಿಸಿ, ನೀನು ನಮ್ಮ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ ಎಂದೆ. ಅವನು ಸಹಿ ಹಾಕಿ ಹೋದ.

ಆ ದಿನಗಳಲ್ಲಿ ನಾನು ಹಳೆಯ ಅಮೆರಿಕನ್ ವೃತ್ತಿಪರ ಕುಸ್ತಿಯ ಬಗ್ಗೆ ಓದುತ್ತಿದ್ದೆ. ತೊಂಬತ್ತರ ದಶಕದಲ್ಲಿ ಡಬ್ಲ್ಯುಡಬ್ಲ್ಯುಎಫ್ ಎಂಬ ಅಮೆರಿಕನ್ ಕುಸ್ತಿ ಕಂಪನಿಯ ಟ್ರಂಪ್ ಕಾರ್ಡುಗಳನ್ನು ಕೂಡಿಟ್ಟು ಬೆಳೆದವರಿಗೆ ಆ ಕುತೂಹಲ ಸುಲಭಕ್ಕೆ ಬಿಡುವುದಿಲ್ಲ. ಕಾರ್ಡಿನಲ್ಲಿ ಕುಸ್ತಿಪಟುವಿನ ಎತ್ತರ, ತೂಕ, ಎದೆಯ ಸುತ್ತಳತೆ ಎಲ್ಲವೂ ಇರುತ್ತಿದ್ದವು, ಸಂಬಳವೊಂದನ್ನು ಬಿಟ್ಟು. ಆ ಸಂಬಳವನ್ನು ಹುಡುಕಿ ಹೊರಟವನಿಗೆ ಎದುರಾದದ್ದು ನನ್ನದೇ ಕರಾರಿನ ಪದ: ಅವರೂ ಸ್ವತಂತ್ರ ಗುತ್ತಿಗೆದಾರರು.

1948ರಲ್ಲಿ ನ್ಯಾಷನಲ್ ರೆಸ್ಲಿಂಗ್ ಅಲೈಯನ್ಸ್ ಎಂಬ ಒಕ್ಕೂಟ ಹುಟ್ಟಿದ ಮೇಲೆ, ಕುಸ್ತಿ ಪಂದ್ಯಗಳನ್ನು ಏರ್ಪಡಿಸುವ ಪ್ರಮೋಟರುಗಳು ಅಮೆರಿಕವನ್ನು ತಮ್ಮತಮ್ಮ ಸೀಮೆಗಳಾಗಿ ಹಂಚಿಕೊಂಡಿದ್ದರು. ಮೆಂಫಿಸ್ ಸೀಮೆಯಲ್ಲಿ ಸೋಮವಾರ ಮೆಂಫಿಸ್, ಮಂಗಳವಾರ ಸುಮಾರು 600 ಕಿಲೋಮೀಟರ್ ದೂರದ ಲೂಯಿವಿಲ್, ಬುಧವಾರ ಇವಾನ್ಸ್‌ವಿಲ್ ಎಂದು ಸುತ್ತಿ, ಶನಿವಾರ ಬೆಳಿಗ್ಗೆ ಟಿವಿಯ ನೇರ ಪ್ರಸಾರಕ್ಕೆ ಮತ್ತೆ ಮೆಂಫಿಸ್‌ನಲ್ಲಿ ಹಾಜರಿರಬೇಕಿತ್ತು. ಕಾರು ಕುಸ್ತಿಪಟುಗಳದೇ, ಪೆಟ್ರೋಲೂ ಅವರದೇ. ಮೂರು ನಾಲ್ಕು ಮಂದಿ ಒಂದೇ ಕಾರಿನಲ್ಲಿ ತುಂಬಿಕೊಂಡು ಖರ್ಚನ್ನು ಹಂಚಿಕೊಳ್ಳುತ್ತಿದ್ದರು. ನಿಗದಿತ ಸಂಬಳ ಎಂಬುದು ಬಹುಪಾಲು ಮಂದಿಗೆ ಇರಲಿಲ್ಲ. ಆ ರಾತ್ರಿಯ ಟಿಕೆಟ್ ಗಳಿಕೆಯಲ್ಲಿ ಯಾರಿಗೆ ಎಷ್ಟು ಎಂಬುದನ್ನು ಪ್ರಮೋಟರೇ ತೀರ್ಮಾನಿಸುತ್ತಿದ್ದರು, ಗಳಿಕೆ ನಿಜವಾಗಿ ಎಷ್ಟಾಗಿತ್ತು ಎಂಬ ಲೆಕ್ಕವೂ ಅವರ ಕೈಯಲ್ಲೇ ಇತ್ತು. ಎಂಬತ್ತರ ದಶಕದಲ್ಲಿ ಡಬ್ಲ್ಯುಡಬ್ಲ್ಯುಎಫ್ ದೇಶವನ್ನೆಲ್ಲ ಆವರಿಸಿಕೊಂಡಾಗ ಕಂಪನಿ ವಿಮಾನದ ಟಿಕೆಟ್ ಕೊಡತೊಡಗಿತಾದರೂ, ಇಳಿದ ಮೇಲಿನ ಬಾಡಿಗೆ ಕಾರು, ಹೋಟೆಲ್ಲು, ಊಟ ಎಲ್ಲವೂ ಕುಸ್ತಿಪಟುವಿನ ಜೇಬಿನಿಂದಲೇ ಹೋಗುತ್ತಿದ್ದವು. ನಮ್ಮ ಸಿನಿಮಾ ಕಾರ್ಮಿಕರಿಗೆ ಸಿಗುವ ಬಾಟಾದಂಥ ದಿನಭತ್ಯೆಯೂ ಅಲ್ಲಿರಲಿಲ್ಲ ಎಂಬುದು ನನಗೆ ಸೋಜಿಗ ಹುಟ್ಟಿಸಿತು.

ಈ ಪ್ರಯಾಣದಲ್ಲಿ ಇನ್ನೊಂದು ಭಾರವೂ ಇತ್ತು. ಈ ಕುಸ್ತಿಯಲ್ಲಿ ಸೋಲು ಗೆಲುವು ಮೊದಲೇ ಗೊತ್ತುಮಾಡಿದ್ದು, ಕುಸ್ತಿಪಟುಗಳು ಪಾತ್ರಧಾರಿಗಳು; ಆದರೆ ಹಗೆ ನಿಜವೆಂದು ಪ್ರೇಕ್ಷಕರು ನಂಬಬೇಕಿತ್ತು. ಅಖಾಡದಲ್ಲಿ ಒಳ್ಳೆಯವನಾಗಿ ಆಡುವವನು ಕೆಟ್ಟವನಾಗಿ ಆಡುವವನ ಜೊತೆ ಹೊರಗೆ ಕಾಣಿಸಿಕೊಳ್ಳುವಂತಿರಲಿಲ್ಲ. 1975ರ ಅಕ್ಟೋಬರ್ 4ರಂದು ನಾರ್ತ್ ಕೆರೊಲೈನಾದ ವಿಲ್ಮಿಂಗ್ಟನ್ ಬಳಿ ಕುಸ್ತಿಪಟುಗಳಿದ್ದ, ಇಂಧನ ಮುಗಿದ ಸಣ್ಣ ವಿಮಾನವೊಂದು ನೆಲಕ್ಕೆ ಅಪ್ಪಳಿಸಿತು. ರಿಕ್ ಫ್ಲೇರ್ ಅವರ ಬೆನ್ನುಮೂಳೆ ಮುರಿಯಿತು, ಜಾನಿ ವ್ಯಾಲೆಂಟೈನ್ ಅವರಿಗೆ ಪಾರ್ಶ್ವವಾಯುವಾಗಿ ಕುಸ್ತಿ ಅಲ್ಲಿಗೇ ಮುಗಿಯಿತು, ಪೈಲಟ್ ನಂತರ ತೀರಿಕೊಂಡರು. ಅದೇ ವಿಮಾನದಲ್ಲಿ 'ಮಿಸ್ಟರ್ ರೆಸ್ಲಿಂಗ್' ಎಂಬ ಮುಖವಾಡದ ನಾಯಕ ಟಿಮ್ ವುಡ್ಸ್ ಕೂಡ ಇದ್ದರು, ಫ್ಲೇರ್ ಮತ್ತು ವ್ಯಾಲೆಂಟೈನ್ ಅಖಾಡದಲ್ಲಿ ಅವರ ಎದುರಾಳಿ ಬಣದವರು. ಗಾಯಗೊಂಡು ಆಸ್ಪತ್ರೆ ಸೇರಿದ ವುಡ್ಸ್ ತಮ್ಮ ಮೂಲ ಹೆಸರನ್ನು ಕೊಟ್ಟು, ತಾವು ಕುಸ್ತಿಪಟುವಲ್ಲ, ಪ್ರಮೋಟರ್ ಎಂದು ಹೇಳಿದರು. ಊರಲ್ಲಿ ಅನುಮಾನ ಹರಡುವ ಮೊದಲೇ, ಸುಮಾರು ಎರಡು ವಾರಗಳಲ್ಲಿ, ಮಾಗದ ನೋವನ್ನು ನುಂಗಿಕೊಂಡು ಮತ್ತೆ ಅಖಾಡಕ್ಕಿಳಿದರು. ಆಸ್ಪತ್ರೆಯ ಮಂಚದ ಮೇಲೂ ಅವರು ಪಾತ್ರದ ಕೆಲಸದಲ್ಲಿದ್ದರು ಎಂದು ಓದಿದಾಗ ನನಗೆ ಕರಡಿ ವೇಷದ ಹುಡುಗನ ಪ್ರಶ್ನೆ ನೆನಪಾಗದೆ ಇರಲಿಲ್ಲ.

ಇಷ್ಟು ಕಾಪಾಡಿದ ಪಾತ್ರ ಕೊನೆಗೆ ಯಾರದು ಎಂಬುದು ಇನ್ನೊಂದು ಕಥೆ. ಮಿಸಿಸಿಪ್ಪಿಯಲ್ಲಿ ಹುಟ್ಟಿದ ಜೇಮ್ಸ್ ಹ್ಯಾರಿಸ್ 1982ರಲ್ಲಿ ಮೆಂಫಿಸ್‌ನಲ್ಲಿ 'ಉಗಾಂಡಾದ ದೈತ್ಯ' ಕಮಾಲಾ ಆಗಿ, ಮಾತೇ ಬಾರದ ಕಾಡುಮನುಷ್ಯನಂತೆ ಕಾಣಿಸಿಕೊಂಡರು; ಮುಂದೆ ಹೊಟ್ಟೆಪಾಡಿಗೆ ಲಾರಿ ಓಡಿಸಿದರು. ಆ ವೇಷದ ಹಿಂದಿನ ಜನಾಂಗೀಯ ತಾತ್ಸಾರವನ್ನು ಇಂದು ನೋಡಿದರೆ ಮುಜುಗರವಾಗುತ್ತದೆ. ಅಲ್ಟಿಮೇಟ್ ವಾರಿಯರ್ ಆಗಿದ್ದ ಜಿಮ್ ಹೆಲ್ವಿಗ್ 1993ರಲ್ಲಿ ಕಾನೂನಿನ ಪ್ರಕಾರವೇ ತಮ್ಮ ಹೆಸರನ್ನು ವಾರಿಯರ್ ಎಂದು ಬದಲಿಸಿಕೊಂಡರು. ನನ್ನ ವೃತ್ತಿಯವರಿಗೆ ಅದು ಹುಚ್ಚಾಟವಾಗಿ ಕಾಣುವುದಿಲ್ಲ, ಪಾತ್ರದ ಹೆಸರು ಯಾರದಾಗುತ್ತದೆ ಎಂದು ಕರಾರನ್ನು ಸರಿಯಾಗಿ ಓದಿದವನ ನಡೆಯಾಗಿ ಕಾಣುತ್ತದೆ. 1996ರಲ್ಲಿ ಡಬ್ಲ್ಯುಡಬ್ಲ್ಯುಎಫ್‌ನ ಸ್ಕಾಟ್ ಹಾಲ್ ಮತ್ತು ಕೆವಿನ್ ನ್ಯಾಶ್, ಖಾತರಿ ಸಂಬಳ ಕೊಡುವ ಪ್ರತಿಸ್ಪರ್ಧಿ ಕಂಪನಿಗೆ ಹೋದಾಗ, ರೇಜರ್ ರಾಮೋನ್ ಮತ್ತು ಡೀಸೆಲ್ ಎಂಬ ಅವರ ಪಾತ್ರಗಳು ಹಳೆಯ ಕಂಪನಿಯಲ್ಲೇ ಉಳಿದವು. ಅದೇ ವರ್ಷ ಕಂಪನಿ ಬೇರೆ ಇಬ್ಬರಿಗೆ ಅವೇ ಹೆಸರು, ಅವೇ ಉಡುಪು ಕೊಟ್ಟು ಅಖಾಡಕ್ಕೆ ಬಿಟ್ಟಿತು. ಪ್ರೇಕ್ಷಕರು ಒಪ್ಪಲಿಲ್ಲ.

ಹಣವನ್ನು ಕೇಳಿ ಪಡೆದವರೂ ಇದ್ದಾರೆ. ಮುಂದೆ ಮಿನೆಸೋಟದ ಗವರ್ನರ್ ಆದ ಕುಸ್ತಿಪಟು ಜೆಸ್ಸಿ ವೆಂಚುರಾ 1986ರಲ್ಲಿ ಕುಸ್ತಿಪಟುಗಳ ಸಂಘ ಕಟ್ಟಲು ಹೊರಟು ವಿಫಲರಾದರು. ವೀಕ್ಷಕ ವಿವರಣೆಕಾರರಾಗಿ ತಾವು ಮಾತನಾಡಿದ ವಿಡಿಯೊ ಕ್ಯಾಸೆಟ್‌ಗಳ ರಾಯಲ್ಟಿಗಾಗಿ ಅವರು ಹೂಡಿದ ಮೊಕದ್ದಮೆಯಲ್ಲಿ ಮಾತ್ರ, 1994ರಲ್ಲಿ ಜ್ಯೂರಿ 8 ಲಕ್ಷ ಡಾಲರ್‌ಗೂ ಹೆಚ್ಚು ಕೊಡಿಸಿತು.

ನಮ್ಮ ಕರಡಿ ಹುಡುಗ ಮರುವರ್ಷ ಕೆಲಸ ಬಿಟ್ಟ. ವೇಷ ಸಂಸ್ಥೆಯದಾದ್ದರಿಂದ ಅದೇ ಎತ್ತರದ ಇನ್ನೊಬ್ಬನನ್ನು ಅದರೊಳಗೆ ನಿಲ್ಲಿಸಿದೆವು. ಹಿಂದೆಯೂ ಕರಡಿಯನ್ನು ನೋಡಿದ್ದ ಹುಡುಗಿಯೊಬ್ಬಳು ಅದರ ಕೈ ಹಿಡಿಯದೆ, "ಇದು ಆ ಕರಡಿ ಅಲ್ಲ, ಅದು ತಲೆ ವಾಲಿಸಿ ಆಮೇಲೆ ಕೈ ಕೊಡ್ತಿತ್ತು" ಎಂದಳು. ತಲೆ ವಾಲಿಸುವುದನ್ನು ನಾವು ಯಾರೂ ಕಲಿಸಿರಲಿಲ್ಲ. ವೇಷದ ಬಾಯಿಯ ಜಾಲರಿಯಿಂದ ಮಕ್ಕಳು ಸರಿಯಾಗಿ ಕಾಣದೆ ಅವನೇ ಕಂಡುಕೊಂಡ ಉಪಾಯ ಅದು.

ಆ ತಿಂಗಳ ಹಾಳೆಗೆ ನಾನು ಎರಡು ಕಾಲಂ ಸೇರಿಸಿದೆ: ಪ್ರಯಾಣದ ಗಂಟೆ, ಬಾಟಾ. ಪ್ರಯಾಣಕ್ಕೆ ಈಗ ಅರ್ಧ ದರ ಕೊಡುತ್ತೇವೆ. ಕೆಲವು ಗ್ರಾಹಕರು ಅಂದಾಜುಪಟ್ಟಿಯಲ್ಲಿ ಮೊದಲು ಆ ಸಾಲನ್ನೇ ಹೊಡೆದುಹಾಕಿ ಕಳಿಸುತ್ತಾರೆ, ನಾನು ಮತ್ತೆ ಬರೆದು ಕಳಿಸುತ್ತೇನೆ. ಪಾತ್ರದ ಹಕ್ಕು ಸಂಪೂರ್ಣವಾಗಿ ಸಂಸ್ಥೆಯದೇ ಎಂಬ ಅಂಶ ಕರಾರಿನಲ್ಲಿ ಹಾಗೆಯೇ ಇದೆ. ಅದನ್ನು ಬದಲಿಸಲು ಎರಡು ಸಲ ಕೇಳಿದ್ದೇನೆ, ಎರಡೂ ಸಲ ಆಗುವುದಿಲ್ಲ ಎಂಬ ಉತ್ತರ ಬಂದಿದೆ.