ಯುಗಾದಿ ಊಟಕ್ಕೆ ಏನೇನು ಮಾಡಲಿ, ಎಷ್ಟು ಮಾಡಲಿ?

ಮಾರ್ಚ್ ಬಂತೆಂದರೆ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. "ಅಕ್ಕಾ, ಈ ಸಲ ಹಬ್ಬಕ್ಕೆ ಎಲ್ಲರೂ ನಮ್ಮನೆಗೇ ಬರ್ತಿದ್ದಾರೆ. ಏನೇನು ಮಾಡ್ಲಿ?" ಕೇಳುವವರು ಹೆಚ್ಚಾಗಿ ಮೊದಲ ಸಲ ಹಬ್ಬದ ಅಡುಗೆಯ ಹೊಣೆ ಹೊತ್ತವರು. ಕೇಳುವ ಹೊತ್ತಿಗೆ ಅವರ ಬಳಿ ಆಗಲೇ ಒಂದು ಪಟ್ಟಿ ಇರುತ್ತದೆ. ಒಬ್ಬಟ್ಟು, ಹಯಗ್ರೀವ, ಪಾಯಸ, ಎರಡು ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ, ಪುಳಿಯೋಗರೆ, ಆಂಬೊಡೆ, ಮಜ್ಜಿಗೆ ಹುಳಿ, ತೊವ್ವೆ, ಸಾರು. ಮದುವೆಮನೆ ಎಲೆಯನ್ನು ನೆನಪಿಟ್ಟುಕೊಂಡು ಬರೆದ ಪಟ್ಟಿ ಅದು. ಅಲ್ಲಿ ಅಡುಗೆ ಭಟ್ಟರು, ಸಹಾಯಕರು, ಬಡಿಸುವವರು ಎಲ್ಲ ಇರುತ್ತಾರೆ. ಮನೆಯಲ್ಲಿ ಇರುವುದು ಎರಡೋ ಮೂರೋ ಬರ್ನರಿನ ಒಂದು ಸ್ಟೌ, ಅದರ ಮುಂದೆ ಒಬ್ಬರೋ ಇಬ್ಬರೋ.

ನನ್ನ ಉತ್ತರ ಪ್ರತಿ ವರ್ಷವೂ ಒಂದೇ. ಒಬ್ಬಟ್ಟಿನಿಂದ ಶುರು ಮಾಡಿ. ಮಿಕ್ಕ ಒಂದೊಂದು ಅಡುಗೆಯನ್ನೂ ಅದರ ಪಕ್ಕದಲ್ಲಿಟ್ಟು ನೋಡಿ. ಒಬ್ಬಟ್ಟಿಗೆ ಹೊಂದದ್ದನ್ನು, ಒಬ್ಬಟ್ಟು ಬೇಯಿಸುವ ಹೊತ್ತಿನಲ್ಲಿ ಒಲೆ ಕೇಳುವುದನ್ನು ಪಟ್ಟಿಯಿಂದ ತೆಗೆಯಿರಿ. ನಾನು ಹೇಳುತ್ತಿರುವುದು ಹಳೇ ಮೈಸೂರು ಕಡೆಯ ಮಧ್ಯಾಹ್ನದ ಊಟ, ಹತ್ತು ಜನಕ್ಕೆ.

ಅರ್ಧ ಕೆಜಿ ತೊಗರಿಬೇಳೆ, ಅರ್ಧ ಕೆಜಿ ಬೆಲ್ಲ. ಇದರ ಹೂರಣದಲ್ಲಿ ಹತ್ತಿರ ಹತ್ತಿರ ಮೂವತ್ತು ಒಬ್ಬಟ್ಟು ಆಗುತ್ತದೆ. ತಲೆಗೆ ಎರಡು, ಕೇಳಿದವರಿಗೆ ಮೂರು, ಹೊರಡುವವರ ಡಬ್ಬಿಗೂ ಒಂದೆರಡು. ಬೇಳೆಯನ್ನು ಕುಕ್ಕರಿನಲ್ಲಿ ಬೇಯಿಸಬೇಡಿ. ಒಂದೇ ವಿಷಲ್ ಜಾಸ್ತಿಯಾದರೂ ಕರಗಿ ಗಂಜಿಯಾಗುತ್ತದೆ. ತೆರೆದ ಪಾತ್ರೆಯಲ್ಲಿ ಧಾರಾಳ ನೀರು, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ಬೇಯಿಸಿ. ಬೇಳೆ ನೋಡಲು ಇಡಿಯಾಗಿರಬೇಕು, ಎರಡು ಬೆರಳಲ್ಲಿ ಹಿಚುಕಿದರೆ ಹಿಟ್ಟಾಗಬೇಕು. ಆ ಹದದಲ್ಲಿ ಇಳಿಸಿ, ಬಸಿದು, ಅರ್ಧ ಗಂಟೆ ಹಾಗೇ ಬಿಡಿ. ನೀರು ಪೂರ್ತಿ ಇಳಿದಿದ್ದರೆ ಬೆಲ್ಲ ಹಾಕಿ ಮಗುಚುವ ಕೆಲಸ ಅರ್ಧಕ್ಕರ್ಧ ಕಡಿಮೆ. ಬೆಲ್ಲ ಕರಗಿದಾಗ ಹೂರಣ ಮತ್ತೆ ನೀರಾಗುತ್ತದೆ, ಗಾಬರಿ ಬೇಡ. ಸಣ್ಣ ಉರಿಯಲ್ಲಿ ಮಗುಚುತ್ತಾ ಇದ್ದರೆ ಗಟ್ಟಿಯಾಗುತ್ತಾ ಬರುತ್ತದೆ. ನಡುವೆ ಸೌಟು ನಿಲ್ಲಿಸಿದರೆ ನಿಲ್ಲಬೇಕು. ಆಮೇಲೆ ಏಲಕ್ಕಿ ಹಾಕಿ, ನೀರು ಸೋಕಿಸದೆ ನುಣ್ಣಗೆ ರುಬ್ಬುವುದು.

ಬಸಿದ ನೀರಿದೆಯಲ್ಲ, ಆ ಕಟ್ಟು, ಊಟದ ಎರಡನೇ ಅಡುಗೆ ಅದರಲ್ಲೇ ಇದೆ. ಕಟ್ಟಿಗೆ ನಿಂಬೆಗಾತ್ರದ ಹೂರಣ, ಹುಣಸೆರಸ, ಸಾರಿನ ಪುಡಿ, ರುಬ್ಬಿದ ಕಾಯಿ ಹಾಕಿ ಕುದಿಸಿ, ತುಪ್ಪದಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ಒಬ್ಬಟ್ಟಿನ ಸಾರು. ಸಿಹಿ, ಹುಳಿ, ಖಾರ ಮೂರೂ ಇರುವ ಇಂಥ ಸಾರು ಇದ್ದಾಗ ತೊವ್ವೆ ಯಾಕೆ, ಮಜ್ಜಿಗೆ ಹುಳಿ ಯಾಕೆ? ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಿ. ಮೂರು ಬಗೆ ಸಾರು-ಹುಳಿ ಇಟ್ಟರೆ ಜನ ಮೂರನ್ನೂ ಎರಡೆರಡು ತುತ್ತು ತಿಂದು ಏಳುತ್ತಾರೆ. ಒಬ್ಬಟ್ಟಿನ ಸಾರನ್ನು ಎರಡನೇ ಸಲ ಹಾಕಿಸಿಕೊಂಡು ಉಣ್ಣಬೇಕು, ಅದಕ್ಕೆ ಹೊಟ್ಟೆಯಲ್ಲಿ ಜಾಗ ಇರಬೇಕು.

ಹಯಗ್ರೀವವನ್ನೂ ಬಿಡಿ ಎನ್ನುತ್ತೇನೆ. ಅದು ಕಡಲೆಬೇಳೆ ಬೆಲ್ಲ, ಇದು ತೊಗರಿಬೇಳೆ ಬೆಲ್ಲ. ಅಕ್ಕ ತಂಗಿಯರನ್ನು ಒಂದೇ ಎಲೆಯಲ್ಲಿ ಕೂರಿಸಿದರೆ ಯಾರ ರುಚಿಯೂ ನಾಲಿಗೆಗೆ ಸರಿಯಾಗಿ ಹತ್ತುವುದಿಲ್ಲ. ಅದು ಇನ್ನೊಂದು ಹಬ್ಬಕ್ಕಿರಲಿ. ಪಾಯಸ ನೈವೇದ್ಯಕ್ಕೆ ಬೇಕೇ ಬೇಕು ಎನ್ನುವ ಮನೆಗಳಿವೆ. ಹಾಗಿದ್ದರೆ ಒಂದು ಲೀಟರ್ ಹಾಲಿನಲ್ಲಿ ಶಾವಿಗೆ ಪಾಯಸ ಮಾಡಿ. ಎಲೆಯ ತುದಿಗೆ ಬಡಿಸುವಷ್ಟಾದರೆ ಸಾಕು.

ಇಷ್ಟು ಸಿಹಿಗೆ ಎದುರಾಗಿ ಹುಳಿ ಬೇಕು. ಅದಕ್ಕೇ ಮಾವಿನಕಾಯಿ ಚಿತ್ರಾನ್ನ. ಯುಗಾದಿಯ ಹೊತ್ತಿಗೆ ಮಾರುಕಟ್ಟೆಗೆ ಹೊಸ ಮಾವಿನಕಾಯಿ ಬಂದಿರುತ್ತದೆ. ತೋತಾಪುರಿಗಿಂತ ಹುಳಿ ಇರುವ ನಾಟಿ ಕಾಯಿ ಸಿಕ್ಕರೆ ಅದನ್ನೇ ತನ್ನಿ. ತುರಿದ ಮಾವಿನಕಾಯಿಯಲ್ಲಿ ಅರ್ಧವನ್ನು ಕಾಯಿತುರಿ, ಹಸಿಮೆಣಸಿನಕಾಯಿ, ಸ್ವಲ್ಪ ಸಾಸಿವೆ ಜೊತೆ ರುಬ್ಬಿ. ಮಿಕ್ಕ ಅರ್ಧ ಹಾಗೇ ಒಗ್ಗರಣೆಗೆ ಹೋಗಲಿ. ಕಚ್ಚಿದಾಗ ಮಾವಿನ ಎಳೆ ಹಲ್ಲಿಗೆ ಸಿಗಬೇಕು. ಇದು ಇದ್ದಮೇಲೆ ಪುಳಿಯೋಗರೆ ಬೇಡ. ಹುಣಸೆಹಣ್ಣು ವರ್ಷವೆಲ್ಲ ಸಿಗುತ್ತದೆ, ಎಳೇ ಮಾವಿನಕಾಯಿ ಸಿಗುವುದಿಲ್ಲ. ಚಿತ್ರಾನ್ನ, ಬಿಳಿ ಅನ್ನ ಎರಡೂ ಸೇರಿ ಹತ್ತು ಜನಕ್ಕೆ ಮುಕ್ಕಾಲು ಕೆಜಿ ಅಕ್ಕಿ ಸಾಕು. ಒಬ್ಬಟ್ಟು ತಿಂದವರು ಅನ್ನ ಕಡಿಮೆಯೇ ಉಣ್ಣುತ್ತಾರೆ.

ಉಳಿದದ್ದು ಸುಲಭ. ಹೆಸರುಬೇಳೆ ಕೋಸಂಬರಿಗೆ ಒಲೆಯೇ ಬೇಡ. ಉಪ್ಪು ಮಾತ್ರ ಎಲೆ ಹಾಕಿದ ಮೇಲೆ ಕಲಸಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ. ಕಾಯಿತುರಿ ಹಾಕಿದ ಹುರುಳಿಕಾಯಿ ಪಲ್ಯ ಒಂದು. ಹಪ್ಪಳ ಸಂಡಿಗೆಯನ್ನು ಬೆಳಿಗ್ಗೆಯೇ ಕರಿದು, ಆರಿದ ಮೇಲೆ ಬಿಗಿಯಾದ ಡಬ್ಬಿಗೆ ತುಂಬಿಬಿಡಿ, ಮಧ್ಯಾಹ್ನದವರೆಗೂ ಗರಿಗರಿಯಾಗಿರುತ್ತದೆ. ಆಂಬೊಡೆ ಹಾಗಲ್ಲ, ಬಿಸಿಬಿಸಿ ಇದ್ದರೇ ಚೆನ್ನ. ಅದೇ ಹೊತ್ತಿಗೆ ಒಬ್ಬಟ್ಟಿನ ಹೆಂಚೂ ಒಲೆಯ ಮೇಲಿರುತ್ತದೆ. ಒಬ್ಬರೇ ಎರಡನ್ನೂ ನೋಡಿಕೊಳ್ಳುವುದು ಕಷ್ಟ. ಇನ್ನು ಮೊಸರು, ಉಪ್ಪಿನಕಾಯಿ, ತುಪ್ಪ. ಬೇವು ಬೆಲ್ಲ ಬೆಳಿಗ್ಗೆಯೇ ಆಗಿರುತ್ತದೆ.

ಕೆಲಸದ ಸಾಲನ್ನೂ ಒಬ್ಬಟ್ಟೇ ನಿರ್ಧಾರ ಮಾಡುತ್ತದೆ. ಒಂದು ಒಬ್ಬಟ್ಟು ಎರಡು ಮಗ್ಗುಲೂ ಬೇಯಲು ಎರಡು ನಿಮಿಷ ಎಂದಿಟ್ಟುಕೊಳ್ಳಿ. ಮೂವತ್ತಕ್ಕೆ ಒಂದು ಗಂಟೆ. ತಟ್ಟುವುದಕ್ಕೆ ಇನ್ನೊಬ್ಬರು ಇಲ್ಲದಿದ್ದರೆ ಒಂದೂವರೆ ಗಂಟೆ. ಒಂದು ಗಂಟೆಗೆ ಎಲೆ ಹಾಕಬೇಕಾದರೆ ಹನ್ನೊಂದೂವರೆಗೆ ಹೆಂಚು ಕಾಯಬೇಕು. ಅಷ್ಟರೊಳಗೆ ಸಾರು, ಪಲ್ಯ, ಚಿತ್ರಾನ್ನದ ಗೊಜ್ಜು ಇಳಿದಿರಬೇಕು. ಅನ್ನ ಪಕ್ಕದ ಒಲೆಯಲ್ಲಿ ಆಗುತ್ತಿರಲಿ. ಚಿರೋಟಿ ರವೆ, ಮೈದಾ ಕಲಸಿದ ಕಣಕ ಎಣ್ಣೆಯಲ್ಲಿ ಮೂರು ಗಂಟೆಯಾದರೂ ನೆನೆಯಬೇಕು, ಅಂದರೆ ಎಂಟು ಗಂಟೆಗೇ ಅದನ್ನು ಕಲಸಿಡಿ. ಕಾಯಿ ತುರಿಯುವುದು, ಹುರುಳಿಕಾಯಿ ಹೆಚ್ಚುವುದು, ಬೆಲ್ಲ ಕುಟ್ಟುವುದು ಹಿಂದಿನ ರಾತ್ರಿಯ ಕೆಲಸ. ಈ ಕೆಲಸಗಳನ್ನು ಮನೆಯ ಗಂಡಸರಿಗೆ, ಮಕ್ಕಳಿಗೆ ಹಂಚಿಕೊಡಿ. ಹಬ್ಬ ಎಲ್ಲರದೂ ಅಲ್ವಾ?

ನೈವೇದ್ಯ ಆಗುವ ತನಕ ರುಚಿ ನೋಡುವ ಹಾಗಿಲ್ಲ ಎನ್ನುವ ಮನೆಯಲ್ಲಿ ಉಪ್ಪು ಹಾಕುವಾಗ ಕೈ ನಡುಗುತ್ತದೆ ಎಂದು ಎಷ್ಟೋ ಜನ ಹೇಳುತ್ತಾರೆ. ಇದಕ್ಕೆ ದಾರಿ ಇದೆ. ಹಬ್ಬಕ್ಕೆ ಒಂದು ವಾರ ಮೊದಲು ಯಾವುದಾದರೂ ಸಂಜೆ ಅದೇ ಪಾತ್ರೆಯಲ್ಲಿ, ಅದೇ ಸಾರಿನ ಪುಡಿಯಲ್ಲಿ ಸಾರು ಮಾಡಿ, ಎಷ್ಟು ನೀರಿಗೆ ಎಷ್ಟು ಚಮಚ ಉಪ್ಪು ಸರಿಹೋಯಿತು ಎಂದು ಬರೆದಿಟ್ಟುಕೊಳ್ಳಿ. ಹಬ್ಬದ ದಿನ ಸ್ವಲ್ಪ ಕಡಿಮೆಯೇ ಹಾಕಿ. ಕಡಿಮೆಯಾದರೆ ಎಲೆಯ ತುದಿಯಲ್ಲಿ ಉಪ್ಪು ಬಡಿಸಿರುತ್ತೇವೆ.

ಸಕ್ಕರೆ ಕಾಯಿಲೆ ಇರುವ ಹಿರಿಯರು ಬರುತ್ತಾರೆ, ಅವರಿಗೆ ಏನು ಮಾಡಲಿ ಎಂದೂ ಕೇಳುತ್ತಾರೆ. ನಾನು ಐದಾರು ಪುಟ್ಟ ಒಬ್ಬಟ್ಟು ತಟ್ಟಿ ಬೇರೆ ಇಡುತ್ತೇನೆ, ಅಂಗೈಗಿಂತ ಚಿಕ್ಕದು. ಕೋಸಂಬರಿ, ಪಲ್ಯ ಅವರ ಎಲೆಗೆ ಜಾಸ್ತಿ. "ನಿಮಗೆ ಬೇಡ ಬಿಡಿ" ಎಂದು ಎಲ್ಲರ ಮುಂದೆ ಅವರ ಎಲೆ ದಾಟಿ ಮುಂದೆ ಹೋಗಬೇಡಿ. ಅದು ಮನಸ್ಸಿಗೆ ನಾಟುತ್ತದೆ.

ಉತ್ತರ ಕರ್ನಾಟಕದ ಗೆಳತಿಯರು ನಮ್ಮ ಕಡೆ ಕಡಲೆಬೇಳೆ ಹೋಳಿಗೆ, ಕಟ್ಟಿನ ಸಾರು ಎನ್ನುತ್ತಾರೆ. ಲೆಕ್ಕ ಅದೇ, ಬೇಳೆ ಮಾತ್ರ ಬೇರೆ. ಹೊರದೇಶದಲ್ಲಿದ್ದು, ಹಬ್ಬ ವಾರದ ನಡುವೆ ಬಂದು ಶನಿವಾರಕ್ಕೆ ಊಟ ಇಟ್ಟುಕೊಳ್ಳುವವರು ಹೂರಣವನ್ನು ಗುರುವಾರ ರಾತ್ರಿಯೇ ರುಬ್ಬಿ ಫ್ರಿಜ್‌ನಲ್ಲಿಡಬಹುದು. ಶನಿವಾರ ಬೆಳಿಗ್ಗೆ ಹೊರಗೆ ತೆಗೆದಿಟ್ಟು, ತಣ್ಣಗಿನದು ಬಿಟ್ಟ ಮೇಲೆ ಉಂಡೆ ಕಟ್ಟಿ. ಕಟ್ಟನ್ನೂ ಅದೇ ರಾತ್ರಿ ಒಮ್ಮೆ ಕುದಿಸಿ, ಆರಿಸಿ ಫ್ರಿಜ್‌ಗೆ ಇಡಿ.

ಅಡುಗೆ ಮಾಡಿದವರು ಕೊನೆಯಲ್ಲಿ ಒಬ್ಬರೇ ಕೂತು ಆರಿದ ಒಬ್ಬಟ್ಟು ತಿನ್ನುವುದನ್ನು ನಾನು ಒಪ್ಪುವುದಿಲ್ಲ. ಪಟ್ಟಿ ಚಿಕ್ಕದು ಮಾಡಿ ಎಂದು ಇಷ್ಟು ಹಟ ಹಿಡಿಯುವುದೂ ಇದೇ ಕಾರಣಕ್ಕೆ. ಎರಡನೇ ಪಂಕ್ತಿಗೆ ಹತ್ತು ಒಬ್ಬಟ್ಟಿನ ಕಣಕ, ಹೂರಣ ಎತ್ತಿಡಿ. ಮೊದಲು ಉಂಡೆದ್ದವರಲ್ಲಿ ಯಾರಾದರೂ ಬಂದು ಹೆಂಚಿನ ಮುಂದೆ ನಿಲ್ಲಲಿ. ಬೆಳಿಗ್ಗೆಯಿಂದ ಬೇಯಿಸಿದವರು ಎಲೆಯ ಮುಂದೆ ಕೂರಲಿ, ಬಿಸಿ ಒಬ್ಬಟ್ಟಿನ ಮೇಲೆ ತುಪ್ಪ ಬೀಳಲಿ.

ಇನ್ನೊಂದು ಮಾತು. ಮರುದಿನ ಹೊಸತೊಡಕು ಮಾಡುವ ಮನೆಯಾದರೆ ಅಂದಿನ ಅಡುಗೆಯೇ ಬೇರೆ, ಬಾಡೂಟ. ಪಲ್ಯ, ಚಿತ್ರಾನ್ನ ಉಳಿದರೆ ಯಾರೂ ಮುಟ್ಟುವುದಿಲ್ಲ, ಅವೆರಡನ್ನು ಅಳತೆಗೆ ಸರಿಯಾಗಿಯೇ ಮಾಡಿ. ಒಬ್ಬಟ್ಟು ಉಳಿದರೆ ಚಿಂತೆಯಿಲ್ಲ, ರಾತ್ರಿ ಬಿಸಿ ಹಾಲಿನಲ್ಲಿ ಅದ್ದಿಕೊಂಡು ಮುಗಿಸುತ್ತಾರೆ. ಸಾರನ್ನು ಮಾತ್ರ ಬೇಕೆಂದೇ ಒಂದು ಪಾತ್ರೆ ಜಾಸ್ತಿ ಮಾಡಿ. ಬೇಸಿಗೆಯಲ್ಲವೇ, ಮಲಗುವ ಮೊದಲು ಕುದಿಸಿ, ಆರಿದ ಮೇಲೆ ಫ್ರಿಜ್‌ಗೆ ಇಡಿ. ಮರುದಿನ ಬೆಳಿಗ್ಗೆ ಅದೇ ಸಾರಿಗೆ ಇನ್ನೂ ರುಚಿ.